ಮೂಗೊಂದೇ ಸಾಕು ಅಂತೀರಾ, ಟೀಚರ್?

ಓದುಗರ ಪತ್ರ: ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಿಂದ ಪಾಲಿಕೆಯ ಕನ್ನಡ ಶಾಲೆಯ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ. "ಕಳೆದ ಸಂಚಿಕೆಯಲ್ಲಿ ಗಾಳಿ, ನೀರು, ಮಣ್ಣಿನ ಪರೀಕ್ಷೆ ಬಗ್ಗೆ ಪುಟಗಟ್ಟಲೆ ಬರೆದಿರಿ. ರಾತ್ರಿ ಕಿಟಕಿ ತೆಗೆದರೆ ಕೆಮಿಕಲ್ ವಾಸನೆ ಹೊಡೆಯುತ್ತದೆ. ಇದನ್ನು ತಿಳಿಯೋದಕ್ಕೆ ಯಂತ್ರ ಬೇಕೆ? ಅಳೆಯಲು ಸುರಿಯುವ ದುಡ್ಡಿನಲ್ಲಿ ಗಿಡ ನೆಡಲಿ, ಕಾರ್ಖಾನೆಗೆ ಬೀಗ ಹಾಕಲಿ. ಅಂಕಿ ನೋಡಿ ಜನ ಹೆದರುತ್ತಾರೆ ಅಷ್ಟೇ, ಆಗೋದು ಏನೂ ಇಲ್ಲ."

ಪ್ರೀತಿಯ ಟೀಚರ್,

ಅಳೆದ ಮಾತ್ರಕ್ಕೆ ಗಾಳಿ ಶುದ್ಧ ಆಗೋದಿಲ್ಲ. ಒಪ್ಪಿದೆ. ಗಿಡವೂ ಬೇಕು, ಬೀಗವೂ ಬೇಕು. ಆದರೆ ಯಾವ ಗೇಟಿಗೆ ಬೀಗ? ನಿಮ್ಮ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿವೆ. ಕೇಳಲು ಹೋದರೆ ಎಲ್ಲರೂ ಪಕ್ಕದವರತ್ತ ಕೈ ತೋರಿಸುತ್ತಾರೆ. ಆ ಕೈಯನ್ನು ಕೆಳಗಿಳಿಸುವ ಶಕ್ತಿ ಇರೋದು ಅಳತೆಗೆ ಮಾತ್ರ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನೀವು. ಉತ್ತರಪತ್ರಿಕೆ ತಿದ್ದದೆ ಯಾವ ಮಗುವನ್ನಾದರೂ ಫೇಲ್ ಮಾಡಿದ್ದುಂಟೇ?

ಇನ್ನು ಮೂಗಿನ ವಿಚಾರ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಷ್ಟಿಷ್ಟು ಇದ್ದಾಗ ಮೂಗಿಗೆ ತಕ್ಷಣ ತಿಳಿಯುತ್ತದೆ. ತುಂಬಾ ಜಾಸ್ತಿ ಆದಾಗ ಮೂಗೇ ಮರಗಟ್ಟುತ್ತದೆ. ವಾಸನೆ ಹೋಯಿತು, ಸದ್ಯ ಬದುಕಿದೆವು ಅಂದುಕೊಳ್ಳುವ ಹೊತ್ತೇ ಪ್ರಾಣಕ್ಕೆ ಕುತ್ತು ಬರುವ ಹೊತ್ತು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕಕ್ಕೆ ನಮ್ಮ ಕುಡಿಯುವ ನೀರಿನ ಮಾನದಂಡ ಇಟ್ಟಿರುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು. ಯಾವ ನಾಲಿಗೆ ಅದನ್ನು ಹಿಡಿದೀತು? 2014ರಲ್ಲಿ ನಿಮ್ಮೂರಲ್ಲಿ ಹಸಿರು ಮಳೆ ಬಿತ್ತು. 2020ರಲ್ಲಿ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತು. 2017ರಲ್ಲಿ ನವಿ ಮುಂಬಯಿ ಕಡೆಯ ತಳೋಜಾ ಕೈಗಾರಿಕಾ ಪ್ರದೇಶದ ಬೀದಿನಾಯಿಗಳು ನೀಲಿಯಾದವು. ಬಣ್ಣ ಕಂಡಾಗೆಲ್ಲ ಟೀವಿ ಕ್ಯಾಮೆರಾಗಳು ಓಡಿಬಂದವು. ಬಣ್ಣವಿಲ್ಲದೆ, ವಾಸನೆಯಿಲ್ಲದೆ ಹರಿಯುವುದನ್ನು ಹುಡುಕಿಕೊಂಡು ಯಾರೂ ಬರಲಿಲ್ಲ.

ಅಂಕಿ ಬಂದರೂ ಏನೂ ಆಗೋದಿಲ್ಲ ಅಂತೀರಿ. 2003 ನೆನಪಿದೆಯಾ? ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ದಿಲ್ಲಿಯಲ್ಲೂ ನಮ್ಮ ಮುಂಬಯಿಯಲ್ಲೂ ಮಾರಾಟವಾಗುವ ಬಾಟಲಿ ನೀರನ್ನು ತಂದು ಪರೀಕ್ಷಿಸಿದರು. ಕೀಟನಾಶಕ ಸಿಕ್ಕಿತು. ಅದೇ ವರ್ಷ ತಂಪು ಪಾನೀಯದ ಸರದಿ. ಗಲಾಟೆ ಪಾರ್ಲಿಮೆಂಟಿಗೆ ಹೋಯಿತು, ಜಂಟಿ ಸಮಿತಿ ಕೂತಿತು, ಬಾಟಲಿ ನೀರಿನ ಮಾನದಂಡ ಬಿಗಿಯಾಯಿತು. ಇದನ್ನೆಲ್ಲ ಮಾಡಿಸಿದ್ದು ಪ್ರಯೋಗಾಲಯದಿಂದ ಬಂದ ಕೆಲವು ಹಾಳೆಗಳು, ಟೀಚರ್.

ಹಾಗಂತ ಈಗಿರುವ ಅಳತೆಯೇ ಸಾಕು ಅನ್ನುವವನು ನಾನಲ್ಲ. ನನ್ನ ಸಿಟ್ಟು ಇರೋದೇ ಅಲ್ಲಿ. ಪೇಪರಿನಲ್ಲಿ ದಿನಾ ಬರುವ ವಾಯು ಗುಣಮಟ್ಟ ಸೂಚ್ಯಂಕ 2014ರಲ್ಲಿ ಶುರುವಾಯಿತು. ಅದು ನೋಡೋದು ಎಂಟು ವಸ್ತುಗಳನ್ನು. ಕೀಟನಾಶಕ ಆ ಪಟ್ಟಿಯಲ್ಲಿಲ್ಲ. ದೂಳಿನ ಕಣಕ್ಕೆ ಲೆಕ್ಕ ಹಿಡಿಯೋದು ಇಡೀ 24 ಗಂಟೆಯ ಸರಾಸರಿ. ರಾತ್ರಿ ಎರಡು ಗಂಟೆಗೆ ಯಾರೋ ಹೊಗೆ ಬಿಟ್ಟು ನಾಲ್ಕಕ್ಕೆ ನಿಲ್ಲಿಸಿದರೆ ಅದು ಸರಾಸರಿಯಲ್ಲಿ ಕರಗಿಹೋಗುತ್ತದೆ. ಯಂತ್ರಕ್ಕೆ ಬದಲು ಮನುಷ್ಯರೇ ಹೋಗಿ ಫಿಲ್ಟರ್ ಬದಲಿಸುವ ಕೇಂದ್ರಗಳು ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಅಳೆಯಬೇಕು ಎಂಬುದು ನಿಯಮ. ಉಳಿದ 261 ದಿನ? ಮಣ್ಣಿಗೆ 2015ರಿಂದ ಆರೋಗ್ಯ ಕಾರ್ಡ್ ಬಂದಿದೆ. ಸಾರಜನಕ, ರಂಜಕ, ಸತು, ಬೋರಾನ್ ಹೀಗೆ ಹನ್ನೆರಡು ಅಂಶ. ಎಷ್ಟು ಗೊಬ್ಬರ ಹಾಕಬೇಕು ಅಂತ ಅದು ಹೇಳುತ್ತದೆ. ಎಷ್ಟು ವಿಷ ಉಳಿದಿದೆ ಅಂತ ಹೇಳುವ ಕಾಲಂ ಅದರಲ್ಲಿಲ್ಲ.

ಮಾಟುಂಗಾದಲ್ಲಿ ಹೋಟೆಲು ನಡೆಸುವ ನನ್ನ ಸ್ನೇಹಿತರೊಬ್ಬರಿದ್ದಾರೆ, ಉಡುಪಿ ಕಡೆಯವರು. ಲೈಸೆನ್ಸಿಗಾಗಿ ನೀರಿನ ಪರೀಕ್ಷೆ ಮಾಡಿಸುತ್ತಲೇ ಇರುತ್ತಾರೆ. ಒಮ್ಮೆ ನನ್ನ ಕಾಟ ತಾಳಲಾರದೆ, "ಕೀಟನಾಶಕವನ್ನೂ ನೋಡಿ" ಅಂತ ಲ್ಯಾಬಿಗೆ ಹೇಳಿದರು. "ಯಾವ ಕೀಟನಾಶಕ ಸಾರ್?" ಅಂತ ಆ ಹುಡುಗ ಕೇಳಿದನಂತೆ. ಅವನು ಕೇಳಿದ್ದು ಸರಿಯಾಗಿಯೇ ಇದೆ. ಯಂತ್ರ ತಾನಾಗಿ ಎಲ್ಲವನ್ನೂ ಹುಡುಕೋದಿಲ್ಲ. ಯಾವುದನ್ನು ಹುಡುಕಬೇಕೋ ಅದರ ಶುದ್ಧ ಮಾದರಿ ಮೊದಲೇ ಲ್ಯಾಬಿನಲ್ಲಿರಬೇಕು. ಪಟ್ಟಿ ಉದ್ದವಾದಂತೆ ಬಿಲ್ಲೂ ಉದ್ದ. ನಮ್ಮವರು ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಒಯ್ದಿದ್ದರು, ಅದನ್ನು ಅಲ್ಲೇ ಚೆಲ್ಲಿಸಿದರು. ಕೆಲವು ಕೀಟನಾಶಕಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ನೀರಿನಲ್ಲಿ ಇಲ್ಲವೇ ಇಲ್ಲ ಅನ್ನಿಸಿಬಿಡುತ್ತವೆ. ಕಂದು ಬಣ್ಣದ ಗಾಜಿನ ಬಾಟಲಿ ಬೇಕು, ಐಸಿನಲ್ಲಿಟ್ಟು ಒಯ್ಯಬೇಕು. "ಪತ್ತೆಯಾಗಿಲ್ಲ" ಎಂಬ ವರದಿ ಬಂದಾಗ ನೀವು ಕೇಳಬೇಕಾದ್ದು ಇದನ್ನೇ: ಏನನ್ನು ಹುಡುಕಿದಿರಿ, ಯಾವ ಬಾಟಲಿಯಲ್ಲಿ, ಎಷ್ಟು ದಿನದ ಮೇಲೆ?

ನಾವು ಮುಂಬಯಿ ಕನ್ನಡಿಗರಲ್ಲಿ ಬಹಳ ಜನ ಕರಾವಳಿಯಿಂದ ಬಂದವರು. ಇದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಪಡ್ರೆ ಗ್ರಾಮದ ವೈದ್ಯರಾದ ಡಾ. ವೈ. ಎಸ್. ಮೋಹನ್ ಕುಮಾರ್ ಒಂದೇ ಊರಿನಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಅಂತ ಕೇಳುತ್ತಲೇ ಇದ್ದರು. ಅಲ್ಲಿನ ನೀರು, ಮಣ್ಣು, ಜನರ ರಕ್ತ ಲ್ಯಾಬಿಗೆ ಹೋಗಿ ಸುದ್ದಿಯಾದದ್ದು 2001ರಲ್ಲಿ. ಆಮೇಲೆ ಸಮಿತಿಯ ಮೇಲೆ ಸಮಿತಿ. ಒಂದು ಸಮಿತಿ ವಿಷ ಇದೆ ಅಂದರೆ ಇನ್ನೊಂದು ಇಲ್ಲ ಅಂದಿತು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಬೆಳ್ತಂಗಡಿಯ ಕೊಕ್ಕಡದಲ್ಲೂ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ತಾಯಂದಿರು ಸಾಕುತ್ತಿದ್ದಾರೆ. ಸಿಂಪಡಣೆ ಶುರುವಾದ ಮೊದಲ ವರ್ಷದಿಂದಲೇ ಆ ಬಾವಿಗಳ ನೀರಿನ ಲೆಕ್ಕ ಯಾರಾದರೂ ಬರೆದಿಟ್ಟಿದ್ದರೆ ಸಮಿತಿಗಳು ಹಾಗೆ ಹಗ್ಗ ಜಗ್ಗುತ್ತಿದ್ದವೇ? ವಾಸನೆ ಆ ಊರಿನವರ ಮೂಗಿಗೂ ಬಡಿದಿತ್ತು, ಟೀಚರ್. ಯಾವ ಸಮಿತಿಯೂ ಮೂಗಿನ ಸಾಕ್ಷಿ ತೆಗೆದುಕೊಳ್ಳಲಿಲ್ಲ.

ನಮ್ಮ ದೇಶಕ್ಕೆ ಅಳೆಯಲು ಬರುತ್ತದೆ. ಬೇಕಾದವರಿಗಾಗಿ ಚೆನ್ನಾಗಿಯೇ ಅಳೆಯುತ್ತದೆ. ನಾಸಿಕದ ದ್ರಾಕ್ಷಿಯನ್ನೇ ನೋಡಿ. ಯುರೋಪಿಗೆ ಹೋಗುವ ದ್ರಾಕ್ಷಿಗೆ 2006ರಿಂದ ಗ್ರೇಪ್‌ನೆಟ್ ಎಂಬ ವ್ಯವಸ್ಥೆ ಇದೆ. ತೋಟಕ್ಕೊಂದು ನೋಂದಣಿ, ಕೊಯ್ಲಿಗೆ ಮುಂಚೆ ಮಾದರಿ ಪರೀಕ್ಷೆ. ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಪ್ರಯೋಗಾಲಯ ಇದಕ್ಕೆಲ್ಲ ಹಿರಿಯಣ್ಣ. 2010ರಲ್ಲಿ ಕ್ಲೋರ್ಮೆಕ್ವಾಟ್ ಎಂಬ ರಾಸಾಯನಿಕ ಮಿತಿ ಮೀರಿತು ಅಂತ ಯುರೋಪಿನವರು ಮಾಲು ತಡೆದರು, ಕೂಡಲೇ ಅದೂ ಪರೀಕ್ಷೆಯ ಪಟ್ಟಿಗೆ ಸೇರಿತು. ಅಲ್ಲಿನ ಮಗು ತಿನ್ನುವ ಗೊಂಚಲಿನ ಮೂಲ ತೋಟದವರೆಗೆ ಸಿಗುತ್ತದೆ. ದಾದರ್ ಸ್ಟೇಷನ್ ಹೊರಗೆ ಗಾಡಿಯಲ್ಲಿ ನಾವು ಕೊಳ್ಳುವ ಗೊಂಚಲಿಗೆ ಯಾವ ನಂಬರೂ ಇಲ್ಲ. ಸೆಂಟ್ರಲ್ ಲೈನಿನಲ್ಲಿ ಓಡಾಡುವವರೆಲ್ಲ ಹಳಿ ಪಕ್ಕದ ಪಾಲಕ್ ಮಡಿಗಳನ್ನು ನೋಡಿದ್ದೇವೆ. ಕಪ್ಪು ನಾಲೆಗೆ ಪಂಪು ಇಟ್ಟು ನೀರು ಹಾಯಿಸೋದನ್ನೂ ನೋಡಿದ್ದೇವೆ. ಆ ಮಣ್ಣಿನ ಪರೀಕ್ಷೆಯ ಫಲಿತಾಂಶ ಬರೆದ ಬೋರ್ಡು ನಾನು ಎಲ್ಲೂ ಕಂಡಿಲ್ಲ. ನಮ್ಮ ಹೊಟ್ಟೆ ಏನು ಕಡಿಮೆ ದರ್ಜೆಯದೇ?

ಹೇಳದೆ ಇರಲಾರೆ, ನಮ್ಮ ಸಂಘಗಳ ಮೇಲೂ ನನಗೆ ಬೇಸರವಿದೆ. ಈ ಊರಲ್ಲಿ ಕನ್ನಡಿಗರಿಗೆ, ತುಳುವರಿಗೆ, ಒಂದೊಂದು ಜಾತಿಗೆ ಒಂದೊಂದು ಸಂಘ. ಯಕ್ಷಗಾನ ಬೇಕು, ಸನ್ಮಾನವೂ ಇರಲಿ. ಅದರ ಆಮಂತ್ರಣಗಳನ್ನು ಸಂತೋಷದಿಂದಲೇ ಅಚ್ಚು ಹಾಕುತ್ತೇವೆ. ಆದರೆ ಶಾಲು, ಹಾರ, ಫಲಕಕ್ಕೆ ಹೋಗುವ ದುಡ್ಡಿನಲ್ಲಿ ಒಂದು ಪಾಲನ್ನು ತಮ್ಮ ವಾರ್ಡಿನ ಬೋರ್‌ವೆಲ್ ನೀರಿನ ಪರೀಕ್ಷೆಗೆ ತೆಗೆದಿಟ್ಟ ಸಂಘ ನನ್ನ ಕಣ್ಣಿಗೆ ಬಿದ್ದಿಲ್ಲ. ಸಂಘಗಳಲ್ಲಿ ಡಾಕ್ಟರುಗಳಿದ್ದಾರೆ, ಕೆಮಿಸ್ಟ್ರಿ ಪ್ರೊಫೆಸರುಗಳಿದ್ದಾರೆ, ವಕೀಲರಂತೂ ಬೇಕಾದಷ್ಟು. ವರದಿಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತವೆ, ನಿಜ. ಅವನ್ನು ಓದಿ ಕನ್ನಡದಲ್ಲಿ ಹೇಳಬಲ್ಲವರು ನಮ್ಮಲ್ಲಿ ಕಡಿಮೆಯೇ?

ನಿಮ್ಮಿಂದ ಒಂದು ಕೆಲಸ ಆಗಬೇಕು. ರಾತ್ರಿ ವಾಸನೆ ಬಂದಾಗ ತಾರೀಖು, ಗಂಟೆ, ಗಾಳಿ ಬೀಸುವ ದಿಕ್ಕು ಬರೆದಿಡಿ. ಮೊಮ್ಮಗನಿಗೆ ಹೇಳಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಹತ್ತಿರದ ಕೇಂದ್ರದ ಗಂಟೆಗಂಟೆಯ ಅಂಕಿ ತೆಗೆಸಿ, ಪಕ್ಕದಲ್ಲಿಟ್ಟು ನೋಡಿ. ಇನ್ನೊಂದು. ಯಾವ ಕಾರ್ಖಾನೆ ಏನನ್ನು, ಯಾವ ಷರತ್ತಿನ ಮೇಲೆ ನೀರಿಗೆ ಬಿಡಬಹುದು ಎಂಬ ರಿಜಿಸ್ಟರನ್ನು ರಾಜ್ಯ ಮಂಡಳಿ ಇಡಲೇಬೇಕು, ಅದರಿಂದ ಬಾಧೆ ಪಡುವ ಯಾರು ಬೇಕಾದರೂ ಅದನ್ನು ನೋಡಬಹುದು. ಇದು 1974ರ ಜಲ ಕಾಯ್ದೆಯಲ್ಲೇ ಇದೆ. ತೋರಿಸಲು ಸತಾಯಿಸಿದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರವನ್ನು ನಮಗೆ ಕಳಿಸಿ. ಕನ್ನಡಕ್ಕೆ ತಂದು ಪೂರ್ತಿ ಅಚ್ಚು ಹಾಕುತ್ತೇವೆ. ಆ ತಿಂಗಳು ಕಥೆಯ ಪುಟ ಕಡಿಮೆಯಾದರೂ ಪರವಾಗಿಲ್ಲ.

— ಸಂಪಾದಕ