ಎರೆ ಹೊಲದ ಮಕ್ಕಳಿಗೆ ಕಪ್ಪು ಮಣ್ಣಿನ ಪಾಠ

ಗದಗ ಜಿಲ್ಲೆ ರೋಣ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಪತ್ರದ ಸಾರ ಇಷ್ಟು: “ನಾನು ಓದಿದ್ದು ಇತಿಹಾಸ. ಆದರೆ ಸಮಾಜ ವಿಜ್ಞಾನ ಅಂದಮೇಲೆ ಭೂಗೋಳವನ್ನೂ ನಾನೇ ಮಾಡಬೇಕು. ಚಾಲುಕ್ಯರ ಪಾಠಕ್ಕೆ ಕಣ್ಣರಳಿಸುವ ಮಕ್ಕಳು ರೇಖಾಂಶ ಅಂದಕೂಡಲೇ ಆಕಳಿಸುತ್ತಾರೆ. ಎಸ್ಸೆಸ್ಸೆಲ್ಸಿ ನಕ್ಷೆ ಪ್ರಶ್ನೆಯ ಅಂಕ ತಪ್ಪದಿರಲಿ ಅಂತ ಒಂದಷ್ಟು ಸ್ಥಳಗಳನ್ನು ಬಾಯಿಪಾಠ ಮಾಡಿಸುತ್ತೇನೆ. ಮೊನ್ನೆ ಒಬ್ಬ ಹುಡುಗ, ‘ಮೊಬೈಲಿನ್ಯಾಗ ಎಲ್ಲಾ ನಕ್ಷೆ ಐತಲ್ರೀ, ಇದನ್ನ್ಯಾಕ ಕಲೀಬೇಕು?’ ಅಂದ. ಬೈದು ಕೂರಿಸಿದೆ. ಆಮೇಲೆ ನನಗೇ ಬೇಜಾರಾಯಿತು. ನಿಜಕ್ಕೂ ಯಾಕೆ ಕಲಿಯಬೇಕು?”

ಸಂಪಾದಕರ ಉತ್ತರ:

ಮೇಡಂ, ಪತ್ರ ಓದಿ ಎರಡು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಸುಮ್ನೆ ನಾಲ್ಕು ಸಾಲು ಬರೆದು ಮುಗಿಸುವ ವಿಷಯ ಅಲ್ಲ ಇದು. ಆ ಹುಡುಗನನ್ನು ಬೈದಿರಿ, ಇರಲಿ ಬಿಡಿ. ಅಷ್ಟು ಒಳ್ಳೆಯ ಪ್ರಶ್ನೆ ಕೇಳಿದ್ದಕ್ಕೆ ನಾಳೆ ಅವನನ್ನು ಮುಂದಿನ ಬೆಂಚಿಗೆ ಕರೆಯಿರಿ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಅನುಭವ ಹೇಳಬೇಕು. ಕೆಲವು ವರ್ಷದ ಹಿಂದೆ ನಿಮ್ಮ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಹಿಂದಿನ ದಿನವಷ್ಟೇ ಮಳೆ ಬಿದ್ದಿತ್ತು. ಬಾಗಿಲ ಹೊರಗೆ ಬಿಟ್ಟಿದ್ದ ಮಕ್ಕಳ ಚಪ್ಪಲಿಗಳಿಗೆ ಬೆರಳು ದಪ್ಪ ಕರಿಮಣ್ಣು ಮೆತ್ತಿಕೊಂಡಿತ್ತು. ಒಳಗೆ ಒಬ್ಬ ಹುಡುಗಿಗೆ ಕಪ್ಪು ಮಣ್ಣಿನ ಲಕ್ಷಣ ಹೇಳಮ್ಮ ಅಂದೆ. ಎದ್ದು ನಿಂತವಳೇ ಒಂದೇ ಉಸಿರಿನಲ್ಲಿ, “ಕಪ್ಪು ಮಣ್ಣು ತೇವಾಂಶವನ್ನು ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯವನ್ನು ಹೊಂದಿದೆ” ಅಂದಳು. ಈ ಮಣ್ಣನ್ನು ಎಲ್ಲಾದರೂ ನೋಡಿದ್ದೀಯಾ? “ಇಲ್ರೀ ಸರ್.” ನಿಮ್ಮದು ಎಂಥ ಹೊಲ? “ಎರಿ ಹೊಲರೀ.” ಎರಿ ಅಂದರೆ ಅದೇ ಕಪ್ಪು ಮಣ್ಣು. ಏನು ಬೆಳೀತೀರಿ? “ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡ್ಲಿ.” ಹಿಂಗಾರಿಗೆ ಮಳೆ ಕಮ್ಮಿ ಅಲ್ವಾ, ಕಡಲೆ ಹೇಗೆ ಬರುತ್ತೆ? ಅವಳಿಗೆ ನನ್ನ ದಡ್ಡತನ ಕಂಡು ನಗು ಬಂತು. “ಒಳಗ ಹಸಿ ಇರ್ತೈತಲ್ರೀ!”

‘ಒಳಗೆ ಹಸಿ ಇರ್ತೈತಿ’ ಅನ್ನುವುದೂ ‘ತೇವಾಂಶ ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯ’ ಅನ್ನುವುದೂ ಒಂದೇ. ಎರಡೂ ಅವಳ ತಲೆಯಲ್ಲೇ ಇದ್ದವು. ಆದರೆ ಒಂದಕ್ಕೊಂದು ಪರಿಚಯ ಇರಲಿಲ್ಲ. ಭೂಗೋಳದ ಮೇಷ್ಟರ ಕೆಲಸದಲ್ಲಿ ಮುಕ್ಕಾಲು ಪಾಲು ಈ ಪರಿಚಯ ಮಾಡಿಸುವುದೇ ಅಂತ ನನಗೆ ಅವತ್ತು ಅನ್ನಿಸಿತು. ಇತಿಹಾಸದಲ್ಲಿ ಪುಲಕೇಶಿಯನ್ನು ನೀವು ಕರೆದುಕೊಂಡು ಬರಬೇಕು, ಮಕ್ಕಳು ಅವನನ್ನು ಕಂಡಿಲ್ಲ. ಭೂಗೋಳದಲ್ಲಿ ಅರ್ಧ ಪಾಠ ಮಕ್ಕಳೇ ಚಪ್ಪಲಿಗೆ ಮೆತ್ತಿಕೊಂಡು ಬಂದಿರುತ್ತಾರೆ.

ಮಾನ್ಸೂನ್ ಪಾಠವನ್ನೇ ತೆಗೆದುಕೊಳ್ಳಿ. ಪುಸ್ತಕದಲ್ಲಿ ನೈರುತ್ಯ ಮಾನ್ಸೂನ್, ಮಳೆ ನೆರಳಿನ ಪ್ರದೇಶ ಅಂತೆಲ್ಲ ಇರುತ್ತದೆ. ನಿಮ್ಮ ಗದಗ ಸೀಮೆಯಲ್ಲಿ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳಿವೆ. ಅವು ಯಾವ ತಿಂಗಳಲ್ಲಿ ಜೋರಾಗಿ ತಿರುಗುತ್ತವೆ ಅಂತ ಮಕ್ಕಳನ್ನು ಕೇಳಿ. ಆಷಾಢದಲ್ಲಿ ಅಂತಾರೆ. ಹಾಗಾದರೆ ಅಷ್ಟು ಗಾಳಿ ಬರುವಾಗ ಮಳೆ ಯಾಕೆ ಅಷ್ಟು ಬರಲ್ಲ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ನಿಮ್ಮಲ್ಲಿ ಸುಮಾರು 600. ಕಡಲಿನಿಂದ ನೀರು ಹೊತ್ತು ಬಂದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಹೊರೆಯನ್ನೆಲ್ಲ ಅಲ್ಲೇ ಇಳಿಸುತ್ತದೆ. ಘಟ್ಟ ಇಳಿದು ನಿಮ್ಮ ಕಡೆ ಬರುವಾಗ ಕೈ ಬೀಸಿಕೊಂಡು ಬರುತ್ತದೆ. ಆ ಬರಿಗೈ ಗಾಳಿಯೇ ಯಂತ್ರ ತಿರುಗಿಸುವುದು.

ಇನ್ನೊಂದು ಮಾತು ಇದಕ್ಕೇ ಸೇರಿಸಿ. ಗಾಳಿ ಖಾನಾಪುರದ ಕಣಕುಂಬಿಯ ಕಡೆ ಇಳಿಸಿದ ಮಳೆ ಸುಮ್ನೆ ಹೋಗಲ್ಲ. ಮಲಪ್ರಭೆಯಾಗಿ ನವಿಲುತೀರ್ಥದ ಅಣೆಕಟ್ಟು ದಾಟಿ ನಿಮ್ಮ ತಾಲ್ಲೂಕಿನ ಅಂಚಿಗೇ ಬರುತ್ತದೆ. ಮೋಡದಲ್ಲಿ ಬರದ ನೀರು ಹೊಳೆಯಲ್ಲಿ ನಡೆದು ಬರುತ್ತದೆ! ಶಾಲೆಯ ಚಾವಣಿ ಮೇಲೆ ಬಿದ್ದ ಒಂದು ಹನಿ ಎಲ್ಲಿಗೆ ಹೋಗುತ್ತದೆ ಅಂತ ಮಕ್ಕಳಿಂದ ಬಸ್ ರೂಟಿನ ಹಾಗೆ ಬರೆಸಿ. ಊರ ಹಳ್ಳ, ಮಲಪ್ರಭೆ, ಕೂಡಲಸಂಗಮದಲ್ಲಿ ಕೃಷ್ಣೆ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ, ಕಡೆಗೆ ಬಂಗಾಳ ಕೊಲ್ಲಿ. ಒಂದೊಂದು ಸ್ಟಾಪಿನಲ್ಲಿ ಹನಿಯನ್ನು ಯಾರು ಹಿಡಿದು ನಿಲ್ಲಿಸುತ್ತಾರೆ, ಯಾರಿಗೆ ಕೊಡುತ್ತಾರೆ? ನದಿ ವ್ಯವಸ್ಥೆ, ನೀರಾವರಿ, ಅಣೆಕಟ್ಟು, ಮೂರು ಪಾಠ ಒಂದೇ ಹನಿಯಲ್ಲಿ ಮುಗಿಯುತ್ತವೆ. ಪರೀಕ್ಷೆಗೂ ಬೇಕಾದ ವಿಷಯವೇ.

ಮಳೆ ನಕ್ಷತ್ರಗಳನ್ನಂತೂ ಬಿಡಲೇಬೇಡಿ. ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬನ್ನಿ ಅನ್ನಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’, ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅಂತ ಒಬ್ಬೊಬ್ಬರೂ ಒಂದೊಂದು ತರುತ್ತಾರೆ. ಗೋಡೆ ಕ್ಯಾಲೆಂಡರಿನಲ್ಲಿ ತಾರೀಖು ಹುಡುಕಿಸಿ. ಭರಣಿ ಏಪ್ರಿಲ್ ಕೊನೆಗೆ ಶುರು. ಅಂದರೆ ಪುಸ್ತಕದವರು ಮಾನ್ಸೂನ್ ಪೂರ್ವದ ಮಳೆ ಅನ್ನುವುದು ಇದನ್ನೇ. ರೋಹಿಣಿ ಮುಗಿದು ಮೃಗಶಿರ ಹುಟ್ಟುವುದು ಜೂನ್ ಮೊದಲ ವಾರದ ಕೊನೆಗೆ. ಕೇರಳಕ್ಕೆ ಮಾನ್ಸೂನ್ ಮುಟ್ಟುವ ವಾಡಿಕೆಯ ದಿನ ಜೂನ್ 1. ಹಸ್ತ, ಚಿತ್ತೆ, ಸ್ವಾತಿ ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಶುರುವಿನ ತನಕ, ನಿಮ್ಮ ಹಿಂಗಾರು. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ ಯಾಕೆ ಅಂತ ಯಾರಾದರೂ ಕೇಳಿದರೆ ಸೂರ್ಯ ಒಂದು ವರ್ಷದಲ್ಲಿ ದಾಟುವ 27 ನಕ್ಷತ್ರಕ್ಕೆ 365ನ್ನು ಭಾಗಿಸಲು ಹೇಳಿ. ಅಜ್ಜಿ ಸೂರ್ಯನ ಲೆಕ್ಕದಲ್ಲೇ ಮಾತಾಡುತ್ತಿದ್ದಾಳೆ.

ಈಗ ಆಕಳಿಕೆ ತರಿಸುವ ರೇಖಾಂಶಕ್ಕೆ ಬರೋಣ. ಇದಕ್ಕೆ ಬೇಕಾದದ್ದು ಒಂದು ನೆಟ್ಟಗಿನ ಕೋಲು, ಒಂದು ಹಿಡಿ ಬೆಣಚುಕಲ್ಲು, ಸಮಯ ಸರಿಯಿರುವ ಒಂದು ಗಡಿಯಾರ. ಅಂಗಳದಲ್ಲಿ ಕೋಲು ನೆಟ್ಟು 12 ಗಂಟೆಯಿಂದ 1 ಗಂಟೆ ತನಕ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಒಂದೊಂದು ಕಲ್ಲಿಡಿಸಿ. ನೆರಳು ಅತಿ ಚಿಕ್ಕದಾಗುವುದು 12ಕ್ಕೆ ಅಂತ ಎಲ್ಲರೂ ಪಣ ಕಟ್ಟುತ್ತಾರೆ. ಸೋಲುತ್ತಾರೆ. ನಮ್ಮ ಗಡಿಯಾರದ ಸಮಯ ಮಿರ್ಜಾಪುರದ ಹತ್ತಿರ ಹಾಯುವ 82½ ಡಿಗ್ರಿ ರೇಖಾಂಶದ್ದು. ರೋಣ ಇರುವುದು ಸುಮಾರು 75.7 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷ ಅಂದರೆ ನಿಮ್ಮ ಅಂಗಳದ ಮಧ್ಯಾಹ್ನ ಸುಮಾರು 27 ನಿಮಿಷ ತಡ. ವರ್ಷವಿಡೀ ಅದೇ ನಿಮಿಷಕ್ಕೆ ಬರುತ್ತದೆ ಅಂದುಕೊಳ್ಳಬೇಡಿ. ಭೂಮಿ ಸೂರ್ಯನನ್ನು ಒಂದೇ ವೇಗದಲ್ಲಿ ಸುತ್ತುವುದಿಲ್ಲ, ಅದರ ಅಕ್ಷವೂ ವಾಲಿದೆ. ಹಾಗಾಗಿ ನವೆಂಬರ್ ಮೊದಲ ವಾರ 12:10ರ ಸುಮಾರಿಗೇ ಆಗಿಬಿಡುತ್ತದೆ, ಫೆಬ್ರುವರಿಯಲ್ಲಿ 12:40 ಆಗುತ್ತದೆ. ಲೆಕ್ಕ ತಪ್ಪಿತು ಅಂತ ಗಾಬರಿಯಾಗಬೇಡಿ.

ಇನ್ನೊಂದು ಮಜಾ ಇದೆ. ನಿಮ್ಮ ಊರಿನ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ಬರುತ್ತಾನೆ. ಮೇ 3ರ ಆಸುಪಾಸು ಒಮ್ಮೆ, ಆಗ ಶಾಲೆಗೆ ರಜೆ. ಆಗಸ್ಟ್ 9–10ರ ಆಸುಪಾಸು ಇನ್ನೊಮ್ಮೆ, ಆಗ ಶಾಲೆ ಇರುತ್ತದೆ, ಆದರೆ ಮೋಡವೂ ಇರುತ್ತದೆ. ಮೋಡ ಸರಿದರೆ ಹನ್ನೆರಡೂವರೆ ದಾಟಿದ ಹೊತ್ತಿಗೆ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಅದಕ್ಕೆ ಮೊದಲು ಪಶ್ಚಿಮಕ್ಕಿದ್ದ ನೆರಳು ಅದಾದ ಮೇಲೆ ಪೂರ್ವಕ್ಕೆ ಇಣುಕುತ್ತದೆ. ಇದನ್ನು ಕಣ್ಣಾರೆ ಕಂಡ ಮಗುವಿಗೆ ಕರ್ಕಾಟಕ ಸಂಕ್ರಾಂತಿ ವೃತ್ತ ಅಂದರೆ ಬರೀ ಚುಕ್ಕೆಗೆರೆ ಆಗಿರಲ್ಲ. ಆ ಗೆರೆಯ ಉತ್ತರಕ್ಕಿರುವ ದಿಲ್ಲಿಯ ಮಕ್ಕಳಿಗೆ ಈ ಆಟ ಯಾವತ್ತೂ ಸಿಗಲ್ಲ ಅಂತಲೂ ಹೇಳಿ. ಖುಷಿ ಪಡುತ್ತಾರೆ.

ನಕ್ಷೆಯ ಬಗ್ಗೆ ಒಂದೇ ಒಂದು ಬೇಡಿಕೆ. ಅದನ್ನು ಗೋಡೆಯಿಂದ ಇಳಿಸಿ ನೆಲಕ್ಕೆ ಹಾಸಿ, ಉತ್ತರವನ್ನು ಉತ್ತರಕ್ಕೇ ತಿರುಗಿಸಿ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಾನು ಶಿವಮೊಗ್ಗದ ಕಡೆಯವನು. ಗೋಡೆಯ ನಕ್ಷೆ ನೋಡಿ ನೋಡಿ ಉತ್ತರ ಅಂದರೆ ಮೇಲೆ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ತುಂಗೆ ಶೃಂಗೇರಿಯಿಂದ ತೀರ್ಥಹಳ್ಳಿಗೆ ಬರುವುದು ಉತ್ತರಕ್ಕೆ. ಹೊಳೆ ಏರು ಹತ್ತುವುದು ಹೇಗೆ ಅಂತ ಹೈಸ್ಕೂಲು ಮುಗಿಯುವ ತನಕ ನನಗೆ ಅರ್ಥವಾಗಲಿಲ್ಲ. ಕೇಳಲು ನಾಚಿಕೆ. ನಿಮ್ಮ ತರಗತಿಯಲ್ಲೂ ನನ್ನಂಥವರು ಇದ್ದೇ ಇರುತ್ತಾರೆ.

ನೀವು ಇತಿಹಾಸದವರು ಅಂತ ಹಿಂಜರಿಯುತ್ತೀರಲ್ಲ, ನಿಮ್ಮ ಕೈಯಲ್ಲೇ ಬಂಗಾರ ಇದೆ. ಪಟ್ಟದಕಲ್ಲು ಅಲ್ಲೇ ಯಾಕೆ? ಮಲಪ್ರಭೆ ಅಲ್ಲಿ ಉತ್ತರಕ್ಕೆ ತಿರುಗುತ್ತದೆ, ಉತ್ತರವಾಹಿನಿ ಅಂತ ಜನ ಅದನ್ನು ಪವಿತ್ರ ಅಂದರು. ಬಾದಾಮಿಯಲ್ಲಿ ಗುಹೆ ಕೊರೆದದ್ದು ಯಾಕೆ? ಅಲ್ಲಿರುವುದು ಮರಳುಗಲ್ಲು, ಉಳಿಗೆ ಬಗ್ಗುತ್ತದೆ. ಹೊಯ್ಸಳರಿಗೆ ಬಳಪದ ಕಲ್ಲು ಸಿಕ್ಕಿತು, ಬೇಲೂರಿನ ಶಿಲ್ಪದಲ್ಲಿ ಉಂಗುರ, ಜಡೆ ಎಲ್ಲ ಬಿಡಿಸಿದರು. ಹಂಪಿಯಲ್ಲಿ ಗಟ್ಟಿ ಗ್ರಾನೈಟು, ಅದಕ್ಕೇ ಅಲ್ಲಿನ ಭವ್ಯತೆ ಬೇರೆ ಥರ. ಶಿಲೆಗಳ ಪಾಠ ಇದಕ್ಕಿಂತ ಸಲೀಸಾಗಿ ಎಲ್ಲಿ ಸಿಗುತ್ತದೆ?

ನಕ್ಷೆಯಲ್ಲಿ ಎತ್ತರ ತೋರಿಸುವ ಸಮೋನ್ನತಿ ರೇಖೆಗೆ ಬೇಸಿಗೆಯ ಕೆರೆ ತೋರಿಸಿ. ನೀರು ಇಳಿದ ಹಾಗೆಲ್ಲ ದಂಡೆಯಲ್ಲಿ ಒಂದರ ಕೆಳಗೆ ಒಂದು ಗೆರೆ ಉಳಿದಿರುತ್ತದೆ. ಒಂದು ಗೆರೆಯ ಉದ್ದಕ್ಕೂ ಎತ್ತರ ಒಂದೇ, ಅಷ್ಟೇ ವಿಷಯ. ಕಡಿದಾದ ಕಡೆ ಗೆರೆಗಳು ಒತ್ತೊತ್ತಾಗಿ, ಇಳಿಜಾರು ಕಮ್ಮಿ ಇರುವಲ್ಲಿ ದೂರ ದೂರ. ಕೆರೆ ಹತ್ತಿರ ಇಲ್ಲದಿದ್ದರೆ ಬೋಗುಣಿಯಲ್ಲಿ ಮಣ್ಣಿನ ಗುಡ್ಡ ಮಾಡಿ, ಸ್ವಲ್ಪ ಸ್ವಲ್ಪವೇ ನೀರು ಹೊಯ್ದು ಕಡ್ಡಿಯಿಂದ ಗೆರೆ ಎಳೆಸಿ.

ನಕ್ಷೆಯ ಪ್ರಮಾಣಕ್ಕೆ ಗುಂಟೆ ಸಾಕು. 33 ಅಡಿ ಚೌಕ ಅಂದರೆ ಹೆಚ್ಚುಕಮ್ಮಿ 10 ಮೀಟರ್. ಅಂಗಳದಲ್ಲಿ ಹಗ್ಗ ಹಿಡಿದು ಅಳೆಸಿ. ಅದನ್ನೇ ಹಾಳೆಯ ಮೇಲೆ 10 ಸೆಂ.ಮೀ. ಚೌಕವಾಗಿ ಬರೆದರೆ 1:100. ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಅದೇ ಗುಂಟೆ ಪೆನ್ಸಿಲ್ ಚುಕ್ಕೆಗಿಂತ ಸಣ್ಣದು.

ಈಗ ನಿಮ್ಮ ಹುಡುಗ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ದಾರಿ ಹುಡುಕಲು ಮೊಬೈಲ್ ಸಾಕು. ಅವನಿಗೆ ಜಮೀನಿನ ನಕ್ಷೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಅವರ ಹೊಲದ ಸರ್ವೆ ನಂಬರ್ ಹುಡುಕಿಕೊಂಡು ಬರಲು ಹೇಳಿ. ಹಳ್ಳ ಯಾವ ಕಡೆ, ಬಂಡಿದಾರಿ ಯಾವ ಕಡೆ, ಪಕ್ಕದವರ ಬದು ಯಾಕೆ ಸೊಟ್ಟ, ಇದನ್ನೆಲ್ಲ ತರಗತಿಗೆ ಅವನೇ ವಿವರಿಸಲಿ. ಆಮೇಲೆ ಇದನ್ನೂ ಹೇಳಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ಜನ ಸತ್ತರು, ಲಾರಿಯೊಂದು ಗಂಗಾವಳಿ ಹೊಳೆ ಸೇರಿತು. ಹಿಂದಿನ ದಿನ ಮೊಬೈಲಿನಲ್ಲಿ ಆ ರಸ್ತೆ ಬರೀ ಒಂದು ನೇರ ಗೆರೆಯಾಗಿ ಕಾಣುತ್ತಿತ್ತು. ಒಂದು ಪಕ್ಕ ಕಡಿದಾದ ಗುಡ್ಡ, ಇನ್ನೊಂದು ಪಕ್ಕ ಹೊಳೆ, ನಡುವೆ ಗುಡ್ಡ ಕಡಿದು ಮಾಡಿದ ರಸ್ತೆ, ಮೇಲೆ ಬಿಡದೆ ಸುರಿವ ಆಷಾಢದ ಮಳೆ. ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡುವುದಕ್ಕೆ ಒತ್ತೊತ್ತಾದ ಸಮೋನ್ನತಿ ರೇಖೆ ಓದಲು ಬರಬೇಕು. ನಾಳೆ ಈ ಹುಡುಗನೇ ರಸ್ತೆ ಗುತ್ತಿಗೆದಾರನೋ ಗ್ರಾಮ ಪಂಚಾಯಿತಿ ಸದಸ್ಯನೋ ಆಗುವವನು ಅಲ್ವಾ?

ಬಾಯಿಪಾಠ ಮಾಡಿಸುತ್ತೀರಿ ಅಂತ ನಿಮಗೆ ಪಶ್ಚಾತ್ತಾಪ ಬೇಡ. ಭಾರತದ ನಕ್ಷೆಯನ್ನು ಕೈಯಲ್ಲೇ ಬಿಡಿಸಲು ಬರುವುದು ಮಗ್ಗಿ ಬಂದ ಹಾಗೆ, ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ. ಒಂದೊಂದು ಚುಕ್ಕೆಗೆ ಒಂದು ‘ಯಾಕೆ’ ಮಾತ್ರ ಸೇರಿಸಿ. ಭದ್ರಾವತಿ ಅಂತ ಗುರುತು ಹಾಕಿದರೆ, ಅಲ್ಲೇ ಯಾಕೆ? ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ಹೊಳೆಯ ನೀರು. 1923ರಲ್ಲಿ ಅಲ್ಲಿ ಕಬ್ಬಿಣ ಕರಗಿತು. ಹೇಳಲು ಅರ್ಧ ನಿಮಿಷ ಸಾಕು.

ಟೈಮ್ ಎಲ್ಲಿದೆ ಅಂತ ನೀವು ಕೇಳುವುದು ನನಗೆ ಕೇಳಿಸುತ್ತಿದೆ. ಒಂದೇ ಸಮಾಜ ವಿಜ್ಞಾನದೊಳಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಆರನ್ನೂ ತುರುಕಿದ್ದಾರೆ. ಇದು ನಿಮ್ಮ ತಪ್ಪಲ್ಲ. ನಾನು ಹೇಳಿದ್ದನ್ನೆಲ್ಲ ಒಂದೇ ವರ್ಷ ಮಾಡಲು ಹೋಗಬೇಡಿ, ಸುಸ್ತಾಗುತ್ತೀರಿ. ಈ ವರ್ಷಕ್ಕೆ ಕೋಲು ಮತ್ತು ಅಜ್ಜಿಯ ಮಳೆ ಎರಡೇ ಸಾಕು.

ನಿಮ್ಮ ಕಡೆ ಮೇಡಂಗೆ ಅಕ್ಕೋರು ಅಂತಾರೆ ಅಲ್ವಾ? ಹಾಗಾದರೆ ಅಕ್ಕೋರೇ, ಆಗಸ್ಟ್ 9ಕ್ಕೆ ಮೋಡ ಬಿಟ್ಟುಕೊಟ್ಟರೆ ನೆರಳು ಅಡಗಿದ ಗಂಟೆ ನಿಮಿಷ ಬರೆದು ಕಳಿಸಿ. ಕಲ್ಲಿಟ್ಟ ಮಕ್ಕಳ ಕೈಬರಹದಲ್ಲೇ ಇರಲಿ. ಜೊತೆಗೆ ನಿಮ್ಮೂರಲ್ಲಿ ಮಣ್ಣಿಗೆ ಎಷ್ಟು ಹೆಸರಿವೆ ಅಂತ ಪಟ್ಟಿ ಮಾಡಿಸಿ. ಎರಿ, ಮಸಾರಿ ಎರಡು ನನಗೆ ಗೊತ್ತು. ಉಳಿದದ್ದು ನೀವು ಕಳಿಸಿದರೆ ಪತ್ರಿಕೆಯಲ್ಲಿ ಒಂದು ಪುಟ ಖಾಲಿ ಇಟ್ಟಿರುತ್ತೇನೆ.