ದಿನಾ ಒಂದು ತಾಸು ನಡೆದರೂ ತೂಕ ಯಾಕೆ ಇಳಿಯುತ್ತಿಲ್ಲ? ರಾತ್ರಿ ಊಟ ಬಿಡಬೇಕೇ?

ಬಿಡಬ್ಯಾಡ್ರಿ. ಇವತ್ತು ರಾತ್ರಿಯಿಂದಲೇ ಊಟ ಬಿಡುತ್ತೇನೆ ಅಂತ ಬರೆದಿದ್ದೀರಿ, ಅದಕ್ಕೇ ಇದನ್ನು ಮೊದಲು ಹೇಳಿದೆ.

ವಯಸ್ಸು 36, ಎತ್ತರ 5 ಅಡಿ 2 ಇಂಚು, ತೂಕ 76 ಕೆಜಿ. ಮೂರು ತಿಂಗಳಿಂದ ಮುಂಜಾನೆ ಒಂದು ತಾಸು ಉಣಕಲ್ ಕೆರೆ ದಂಡೆಯ ಮೇಲೆ ವಾಕಿಂಗ್, ಮುಗಿಸಿ ಗೆಳತಿಯರ ಜೊತೆ ಒಂದು ವಡಾ, ಒಂದು ಚಹಾ. ಇಳಿದದ್ದು ಒಂದೇ ಕೆಜಿ. ಇದಿಷ್ಟು ನಿಮ್ಮ ಲೆಕ್ಕ. ನಾನು ಡಾಕ್ಟರಲ್ಲ, ಧಾರವಾಡದಲ್ಲಿ ಹದಿನೆಂಟು ವರ್ಷದಿಂದ ಬ್ಲೌಸ್ ಹೊಲಿಯುವವಳು. ಆದರೆ ನಿಮ್ಮ ಹಾದಿಯಲ್ಲೇ ನಡೆದು ಪೆಟ್ಟು ತಿಂದಿದ್ದೇನೆ.

ಐದು ವರ್ಷದ ಹಿಂದೆ ನಾನೂ ರಾತ್ರಿ ಊಟ ಬಿಟ್ಟೆ. ಎರಡು ತಿಂಗಳಲ್ಲಿ 7 ಕೆಜಿ ಇಳಿಯಿತು, ಎಲ್ಲರೂ ಹೊಗಳಿದರು. ಒಂದು ದಿನ ನನ್ನದೇ ಅಳತೆ ತೆಗೆದುಕೊಂಡೆ. ರಟ್ಟೆ ಒಂದು ಇಂಚು ಸಣ್ಣಾಗಿತ್ತು, ಹೊಟ್ಟೆ ಮಾತ್ರ ಹೆಚ್ಚೂಕಡಿಮೆ ಹಾಗೇ ಇತ್ತು. ಬೊಜ್ಜಿನ ಜೊತೆ ಸ್ನಾಯುವೂ ಹೋಗಿತ್ತು ಅಂತ ಆಮೇಲೆ ತಿಳಿಯಿತು. ತಲೆ ಬಾಚಿದರೆ ಹಿಡಿ ಹಿಡಿ ಕೂದಲು, ಮಷೀನಿನ ಮುಂದೆ ಕೂತರೆ ಕಣ್ಣಿಗೆ ಕತ್ತಲೆ. ತಂಗಿಯ ಮಗಳ ಮದುವೆಯ ಹೊತ್ತಿಗೆ ಊಟ ಮತ್ತೆ ಶುರುವಾಯಿತು, ನಾಲ್ಕು ತಿಂಗಳಲ್ಲಿ 7ರ ಜಾಗಕ್ಕೆ 8 ಕೆಜಿ ಬಂದು ಕೂತಿತು.

ಈಗ ನಿಮ್ಮ ವಾಕಿಂಗ್. ನಿಮ್ಮ ತೂಕದವರು ಸಾಧಾರಣ ವೇಗದಲ್ಲಿ ಒಂದು ತಾಸು ನಡೆದರೆ ಸುಮಾರು 250 ಕ್ಯಾಲರಿ ಖರ್ಚಾಗುತ್ತದೆ. ಮನೆಯಲ್ಲಿ ಸುಮ್ಮನೆ ಕೂತಿದ್ದರೂ ಅದೇ ತಾಸಿನಲ್ಲಿ 80ರಷ್ಟು ಖರ್ಚಾಗುತ್ತಿತ್ತು, ಅದನ್ನು ಕಳೆದರೆ ನಡೆದ ಗಳಿಕೆ 170. ಆ ವಡಾ ಮತ್ತು ಸಕ್ಕರೆ ಚಹಾ ಸೇರಿದರೆ ಹೆಚ್ಚೂಕಡಿಮೆ ಅಷ್ಟೇ. ಕೆರೆ ದಂಡೆಯ ಮೇಲೆ ಗಳಿಸಿದ್ದು ಹೊಟೆಲಿನಲ್ಲಿ ಮುಗಿಯುತ್ತಿದೆ. ಒಂದು ಕೆಜಿ ಬೊಜ್ಜು ಕರಗಬೇಕಾದರೆ ಸುಮಾರು 7,700 ಕ್ಯಾಲರಿ ಕೊರತೆ ಬೀಳಬೇಕು. ಬರೀ ನಡೆದು ಅಷ್ಟು ಕೂಡಿಸುವುದು ಬಹಳ ಕಷ್ಟ.

ಹಾಗಂತ ರೊಟ್ಟಿಯ ಮೇಲೆ ಸಿಟ್ಟು ಮಾಡಬೇಡಿ. ನಮ್ಮ ಕಡೆ ತೂಕ ಅಂದ ಕೂಡಲೇ ಎಲ್ಲರೂ ರೊಟ್ಟಿ ಬಿಡುತ್ತಾರೆ, ನನಗೆ ನೋಡಿ ಸಂಕಟವಾಗುತ್ತದೆ. ಎಣ್ಣೆ ಸೋಕದ ಒಂದು ಜೋಳದ ರೊಟ್ಟಿ ಸುಮಾರು 160 ಕ್ಯಾಲರಿ, ಎರಡು ತಿಂದರೆ ಹೊಟ್ಟೆ ತುಂಬುತ್ತದೆ. ಅಸಲು ಕಳ್ಳ ಒಲೆಯ ಪಕ್ಕದಲ್ಲಿರುತ್ತಾನೆ. ನಮ್ಮ ಮನೆಯಲ್ಲಿ ನಾಲ್ಕು ಮಂದಿ, ತಿಂಗಳಿಗೆ 5 ಲೀಟರ್ ಎಣ್ಣೆ ಡಬ್ಬಿ ಖಾಲಿಯಾಗುತ್ತಿತ್ತು. 5 ಲೀಟರ್ ಅಂದರೆ ಸುಮಾರು 4,600 ಗ್ರಾಂ. ನಾಲ್ಕು ಮಂದಿ, ಮೂವತ್ತು ದಿನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ದಿನಕ್ಕೆ 38 ಗ್ರಾಂ. ಗ್ರಾಮಿಗೆ 9 ಕ್ಯಾಲರಿಯಂತೆ 340 ಕ್ಯಾಲರಿ, ಅಂದರೆ ಕಣ್ಣಿಗೆ ಕಾಣದ ಎರಡು ರೊಟ್ಟಿ! ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2,000 ಕ್ಯಾಲರಿಯ ಊಟಕ್ಕೆ ಹೇಳುವುದು 27 ಗ್ರಾಂ ಎಣ್ಣೆ. ನೀವೂ ಡಬ್ಬಿ ಒಡೆದ ತಾರೀಖನ್ನು ಅದರ ಮೇಲೆಯೇ ಬರೆದು ಲೆಕ್ಕ ಹಾಕಿ ನೋಡ್ರಿ.

ನಾವು 3 ಲೀಟರಿಗೆ ಇಳಿಸಿದೆವು. ಒಗ್ಗರಣೆಗೆ ಡಬ್ಬಿಯಿಂದ ಸುರಿಯುವುದು ಬಿಟ್ಟು ಚಮಚ ಹಿಡಿದೆವು. ಬದನಿಕಾಯಿ ಎಣ್ಣಿಗಾಯಿ ವಾರಕ್ಕೊಮ್ಮೆ, ಮಿರ್ಚಿ ಭಜಿ ತಿಂಗಳಿಗೆ ಒಂದೆರಡು ಸಲ. ಇದರಿಂದಲೇ ತಲೆಗೆ ದಿನಕ್ಕೆ 140 ಕ್ಯಾಲರಿ ಉಳಿಯಿತು. ನಾಲ್ಕು ಕಪ್ ಚಹಾಕ್ಕೆ ಎರಡೆರಡು ಚಮಚ ಸಕ್ಕರೆ ಹಾಕುತ್ತಿದ್ದೆ, ಒಂದೊಂದು ಮಾಡಿದೆ. ಅದು 80. ಶೇಂಗಾ ಚಟ್ನಿ ಎರಡು ಚಮಚ ಇದ್ದದ್ದು ಒಂದಾಯಿತು, ಅದು ಇನ್ನೊಂದು 50. ಶೇಂಗಾ ಒಳ್ಳೆಯದೇ, ಆದರೆ ಮುಕ್ಕಾಲು ಹಿಡಿಯಲ್ಲಿ ಒಂದು ರೊಟ್ಟಿಯಷ್ಟು ಇರುತ್ತದೆ. ಎಲ್ಲಾ ಕೂಡಿಸಿ 270. ಇದಕ್ಕೆ ನಿಮ್ಮ ವಾಕಿಂಗಿನ 170 ಸೇರಿದರೆ, ಮೇಲೆ ವಡಾ ಬೀಳದಿದ್ದರೆ, ವಾರಕ್ಕೆ ಸುಮಾರು 3,000 ಕ್ಯಾಲರಿ ಕೊರತೆ, ಅಂದರೆ 400 ಗ್ರಾಂ. ಕಡಿಮೆ ಅನ್ನಿಸಬಹುದು, ಆದರೆ ಆರೋಗ್ಯ ಕೆಡದಂತೆ ಇಳಿಸಬೇಕೆಂದರೆ ವಾರಕ್ಕೆ ಅರ್ಧ ಕೆಜಿಯ ಆಸುಪಾಸೇ ಸರಿ. ತೂಕ ಇಳಿದಂತೆ ದೇಹ ಕೇಳುವ ಕ್ಯಾಲರಿಯೂ ಕಡಿಮೆಯಾಗುತ್ತದೆ, ಹಾಗಾಗಿ ಮುಂದೆ ವೇಗ ತಗ್ಗುತ್ತದೆ. ಆಗ ಗಾಬರಿಯಾಗಬೇಡಿ.

ರಾತ್ರಿ ಊಟಕ್ಕೆ ಎರಡು ರೊಟ್ಟಿ, ಒಂದು ದೊಡ್ಡ ಬಟ್ಟಲು ಮಡಕಿ ಕಾಳು ಇಲ್ಲವೇ ಹೆಸರುಕಾಳಿನ ಪಲ್ಯ, ಹಸಿ ಮೆಂತೆಸೊಪ್ಪು, ಸೌತಿಕಾಯಿ, ಈರುಳ್ಳಿ ಹಾಕಿದ ಪಚಡಿ, ಒಂದು ಲೋಟ ಮಜ್ಜಿಗೆ. ಬರೀ ಹಣ್ಣು ತಿಂದು ಮಲಗಿದರೆ ಪ್ರೋಟೀನ್ ಸಿಗುವುದಿಲ್ಲ, ನನ್ನ ರಟ್ಟೆಯ ಕಥೆಯೇ ನಿಮ್ಮದಾಗುತ್ತದೆ. ಒಟ್ಟು ಊಟವನ್ನು 1,200 ಕ್ಯಾಲರಿಗಿಂತ ಕೆಳಗೆ ಇಳಿಸುವುದಾದರೆ ಡಾಕ್ಟರ್ ಕಣ್ಗಾವಲು ಬೇಕೇ ಬೇಕು.

ವಾಕಿಂಗ್ ಬಿಡಬೇಡಿ. ಇಳಿದ ತೂಕ ಮತ್ತೆ ಏರದಂತೆ ಹಿಡಿಯುವುದು ಅದೇ. ಸಕ್ಕರೆ, ಬಿಪಿ, ನಿದ್ದೆಗೂ ಒಳ್ಳೆಯದು. ಅದರ ಜೊತೆ ವಾರಕ್ಕೆ ಎರಡು ಮೂರು ದಿನ ಸ್ನಾಯುವಿಗೂ ಕೆಲಸ ಕೊಡಿ. ನಾನು ಜಿಮ್ಮಿಗೆ ಹೋಗಿಲ್ಲ. ಗರಡಿ ಮನೆಯವರು ಹೊಡೆಯುವ ಬಸ್ಕಿಯನ್ನೇ ಮೊದಲು ಕುರ್ಚಿ ಹಿಡಿದು ಹತ್ತು ಹೊಡೆದೆ, ಗೋಡೆಗೆ ಕೈ ಊರಿ ದಂಡ ಹಾಕಿದೆ. ಈಗ ಕುರ್ಚಿ ಇಲ್ಲದೆ ಇಪ್ಪತ್ತೈದರಂತೆ ಮೂರು ಸಲ ಆಗುತ್ತದೆ. ಎರಡನೇ ಸಲ ಇಳಿಸಿದಾಗ ಹತ್ತು ತಿಂಗಳು ಹಿಡಿಯಿತು, 9 ಕೆಜಿ ಹೋಯಿತು, ಸೊಂಟ ನಾಲ್ಕು ಇಂಚು ಇಳಿಯಿತು, ರಟ್ಟೆ ಕಾಲು ಇಂಚೂ ಕಡಿಮೆಯಾಗಲಿಲ್ಲ. ಎರಡು ವರ್ಷದಿಂದ ಹಾಗೇ ಇದೆ.

ಒಂದು ಮಾತು ಮರೆಯಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಊಟ ಬದಲಿಸುವ ಮೊದಲೇ ಡಾಕ್ಟರನ್ನು ಕೇಳಿ, ಊಟ ತಪ್ಪಿಸಿದರೆ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಮುಟ್ಟು ಏರುಪೇರಾಗಿದ್ದರೆ ಅಥವಾ ಸದಾ ಸುಸ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ತಕ್ಕಡಿ ದಿನಾ ಏರಬೇಡಿ, ಉಪ್ಪು, ನೀರು, ಮುಟ್ಟಿನ ದಿನಗಳಿಗೇ ಒಂದೆರಡು ಕೆಜಿ ಆಚೀಚೆ ಆಗುತ್ತದೆ. ಐತವಾರ ಮುಂಜಾನೆ ಬರಿಹೊಟ್ಟೆಯಲ್ಲಿ, ಉಸಿರು ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಟೇಪ್ ಹಿಡಿದು ಬರೆದಿಡಿ. ನಮ್ಮ ಹೆಣ್ಣುಮಕ್ಕಳಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚಿನ ಒಳಗೆ ಇರಬೇಕು ಅನ್ನುತ್ತಾರೆ. ಟೇಪ್ ಮಾತ್ರ ಹೊಸದು ತಗೊಳ್ರಿ. ವರ್ಷಗಟ್ಟಲೆ ಎಳೆದ ಹಳೆಯ ಬಟ್ಟೆ ಟೇಪ್ ಹಿಗ್ಗಿರುತ್ತದೆ, ಸೊಂಟ ಇಳಿಯದಿದ್ದರೂ ಇಳಿದಂತೆ ತೋರಿಸುತ್ತದೆ.