ನಾಲ್ಕು ರಾತ್ರಿ ಆಸ್ಪತ್ರೆಯಲ್ಲಿದ್ದರೂ ದಾಖಲಾತಿ ಇಲ್ಲವೆಂದರೆ?

ಪ್ರಶ್ನೆ: ಅಮೆರಿಕದ ಪ್ರಜೆಯಾಗಿರುವ ನಮ್ಮ ತಾಯಿ ನ್ಯೂಜೆರ್ಸಿಯಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ವಯಸ್ಸು 78. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಬಿರುಕು ಬಿಟ್ಟಿದ್ದರಿಂದ ನಾಲ್ಕು ರಾತ್ರಿ ಆಸ್ಪತ್ರೆಯಲ್ಲಿದ್ದರು. ಬಳಿಕ ವೈದ್ಯರ ಸಲಹೆಯಂತೆ ನರ್ಸಿಂಗ್ ಕೇಂದ್ರಕ್ಕೆ ಸೇರಿಸಿದಾಗ, ಅವರು ಆಸ್ಪತ್ರೆಯಲ್ಲಿ ಒಳರೋಗಿಯಾಗಿರಲಿಲ್ಲ, ಕೇವಲ ‘ಅಬ್ಸರ್ವೇಶನ್’ನಲ್ಲಿದ್ದರು ಎಂಬ ಕಾರಣಕ್ಕೆ ಮೆಡಿಕೇರ್ ಆ ವೆಚ್ಚವನ್ನು ನಿರಾಕರಿಸಿತು. ಇದರ ಅರ್ಥವೇನು? ಈಗ ಏನು ಮಾಡಬಹುದು?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ತಾಯಿಯವರಿಗೆ ಸಿಕ್ಕ ಹಾಸಿಗೆ, ಔಷಧ, ಆರೈಕೆಗಳು ಒಳರೋಗಿಗೆ ಸಿಗುವಂಥವೇ ಆಗಿದ್ದಿರಬಹುದು. ಆದರೆ ಅಮೆರಿಕದಲ್ಲಿ 65 ದಾಟಿದವರ ಸರ್ಕಾರಿ ವಿಮೆಯಾದ ಮೆಡಿಕೇರ್, ಒಳರೋಗಿಯಾಗಿ ಸೇರಿಸಿಕೊಳ್ಳುವಂತೆ ವೈದ್ಯರು ಆದೇಶ ಬರೆಯದ ಹೊರತು, ರೋಗಿ ಎಷ್ಟು ರಾತ್ರಿ ವಾರ್ಡಿನಲ್ಲಿ ಮಲಗಿದ್ದರೂ ಅವರನ್ನು ಹೊರರೋಗಿಯೆಂದೇ ಎಣಿಸುತ್ತದೆ. ಒಳರೋಗಿಯಾಗಿ ಸೇರಿಸಬೇಕೇ, ಮನೆಗೆ ಕಳಿಸಬೇಕೇ ಎಂದು ನಿರ್ಧರಿಸಲು ಹೀಗೆ ಹೊರರೋಗಿಯಾಗಿ ನಿಗಾದಲ್ಲಿಡುವುದೇ ‘ಅಬ್ಸರ್ವೇಶನ್’. ಒಳರೋಗಿಯ ಆಸ್ಪತ್ರೆ ವೆಚ್ಚವನ್ನು ಮೆಡಿಕೇರ್‌ನ ಎ ಭಾಗ ಭರಿಸಿದರೆ, ಅಬ್ಸರ್ವೇಶನ್‌ನಲ್ಲಿರುವವರ ವೆಚ್ಚ ಬಿ ಭಾಗಕ್ಕೆ ಹೋಗುತ್ತದೆ. ಅಲ್ಲಿ ಸಾಮಾನ್ಯವಾಗಿ ಶೇ. 20ರಷ್ಟನ್ನು ರೋಗಿಯೇ ಕೊಡಬೇಕು.

ದೊಡ್ಡ ಪೆಟ್ಟು ಬೀಳುವುದು ಆಸ್ಪತ್ರೆಯಿಂದ ಹೊರಬಂದ ಮೇಲೆ. ಸರ್ಕಾರವೇ ನೇರವಾಗಿ ನಡೆಸುವ ಸಾಂಪ್ರದಾಯಿಕ ಮೆಡಿಕೇರ್‌ನಲ್ಲಿ ನರ್ಸಿಂಗ್ ಕೇಂದ್ರದ ವೆಚ್ಚ ಸಿಗಬೇಕಾದರೆ ಅದಕ್ಕೆ ಮೊದಲು ಸತತ ಮೂರು ದಿನ ಒಳರೋಗಿಯಾಗಿರಬೇಕು. ಬಿಡುಗಡೆಯ ದಿನವಾಗಲಿ, ಅಬ್ಸರ್ವೇಶನ್‌ನಲ್ಲಿ ಕಳೆದ ಸಮಯವಾಗಲಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಷರತ್ತು ಪೂರೈಸಿದವರಿಗೆ ಮೊದಲ 20 ದಿನಗಳ ಆರೈಕೆಗೆ ದಿನದ ಪಾಲನ್ನೇ ಕೊಡಬೇಕಿಲ್ಲ, ಪೂರೈಸದವರು ಪೂರ್ತಿ ವೆಚ್ಚ ಹೊರಬೇಕು. ಒಂದೇ ವಾರ್ಡಿನಲ್ಲಿ ಒಂದೇ ಚಿಕಿತ್ಸೆ ಪಡೆದ ಇಬ್ಬರು ವೃದ್ಧರ ನಡುವೆ ಇಷ್ಟು ಅಂತರ ಮಾಡುವ ನಿಯಮ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಚಿಕಿತ್ಸೆ ಎರಡು ಮಧ್ಯರಾತ್ರಿಗಳನ್ನು ದಾಟುವುದೆಂದು ವೈದ್ಯರಿಗೆ ಅನ್ನಿಸಿದರೆ ಸಾಮಾನ್ಯವಾಗಿ ರೋಗಿಯನ್ನು ಒಳರೋಗಿಯಾಗಿ ಸೇರಿಸಿಕೊಳ್ಳಬೇಕೆಂಬ ನಿಯಮ 2013ರ ಅಕ್ಟೋಬರ್‌ನಿಂದಲೇ ಇದೆ. ಆದರೂ, ಒಳರೋಗಿ ದಾಖಲಾತಿ ಅಗತ್ಯವಿರಲಿಲ್ಲವೆಂದು ಲೆಕ್ಕಪರಿಶೋಧಕರು ಆಮೇಲೆ ಹಣ ತಡೆಹಿಡಿದಾರೆಂಬ ಅಂಜಿಕೆಯಿಂದ ಆಸ್ಪತ್ರೆಗಳು ಅಬ್ಸರ್ವೇಶನ್ ಕಡೆಗೆ ವಾಲುವುದುಂಟು.

ಈಗ ಮೊದಲು ಆಸ್ಪತ್ರೆಯ ಕಾಗದಗಳನ್ನು ತರಿಸಿಕೊಂಡು ನೋಡಿ. ಅಬ್ಸರ್ವೇಶನ್ 24 ಗಂಟೆ ಮೀರಿದರೆ, ಅದು ಆರಂಭವಾದ 36 ಗಂಟೆಗಳೊಳಗೆ ರೋಗಿ ಒಳರೋಗಿಯಲ್ಲ, ಹೊರರೋಗಿ ಎಂದು ತಿಳಿಸುವ, ‘ಮೂನ್’ ಎಂದು ಕರೆಯುವ ಲಿಖಿತ ಸೂಚನೆಯನ್ನು ಕೊಟ್ಟು, ಬಾಯಿಮಾತಿನಲ್ಲೂ ವಿವರಿಸಬೇಕೆಂಬುದು 2017ರಿಂದ ಜಾರಿಯಲ್ಲಿದೆ. ಅದರ ಮೇಲಿನ ಸಹಿ ಸೂಚನೆ ತಲುಪಿದ್ದಕ್ಕೆ ಸಾಕ್ಷಿಯೇ ಹೊರತು ಒಪ್ಪಿಗೆಯಲ್ಲ. ತಾಯಿಯವರನ್ನು ಮೊದಲು ಒಳರೋಗಿಯಾಗಿ ಸೇರಿಸಿಕೊಂಡು, ನಂತರ ಆಸ್ಪತ್ರೆಯೇ ಅಬ್ಸರ್ವೇಶನ್‌ಗೆ ಬದಲಾಯಿಸಿದ್ದರೆ ನಿಮ್ಮ ಕೈ ಬಲವಾಗುತ್ತದೆ. ಅಂಥ ಕೆಲವು ಸಂದರ್ಭಗಳಲ್ಲಿ ಮೇಲ್ಮನವಿಯ ಹಕ್ಕಿದೆಯೆಂದು 2020ರಲ್ಲಿ ಕನೆಕ್ಟಿಕಟ್‌ನ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು, 2022ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅದರ ಫಲವಾಗಿ 2025ರ ಫೆಬ್ರುವರಿಯಿಂದ, ಸ್ಥಿತಿ ಬದಲಾದುದರ ಸೂಚನಾಪತ್ರವೂ ಮೇಲ್ಮನವಿಯ ಕ್ರಮವೂ ಜಾರಿಗೆ ಬಂದಿವೆ. ಆದರೆ ಮೊದಲಿನಿಂದ ಕೊನೆಯವರೆಗೂ ಅಬ್ಸರ್ವೇಶನ್‌ನಲ್ಲೇ ಇಟ್ಟಿದ್ದರೆ ಈ ದಾರಿ ತೆರೆಯುವುದಿಲ್ಲ.

ನಿಮ್ಮ ತಾಯಿಯವರದು ಖಾಸಗಿ ಕಂಪನಿ ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಯೇ ಎಂಬುದನ್ನೂ ಅಣ್ಣನವರಲ್ಲಿ ವಿಚಾರಿಸಿ, ಏಕೆಂದರೆ ಅಂಥ ಹಲವು ಯೋಜನೆಗಳು ಮೂರು ದಿನಗಳ ಷರತ್ತನ್ನು ಬಿಟ್ಟುಕೊಟ್ಟಿವೆ. ತಾಯಿಯವರಿಗೆ ಮನೆಯಿಂದ ಹೊರಹೋಗುವುದು ಕಷ್ಟವಾಗಿದ್ದು ವೈದ್ಯರ ಆದೇಶವಿದ್ದರೆ, ನರ್ಸ್ ಮತ್ತು ಫಿಸಿಯೋಥೆರಪಿ ಸೇವೆಯನ್ನು ಮೆಡಿಕೇರ್ ಮನೆಗೇ ಒದಗಿಸುತ್ತದೆ. ಅದಕ್ಕೆ ಮೊದಲು ಒಳರೋಗಿಯಾಗಿರಬೇಕೆಂಬ ಕಟ್ಟುಪಾಡಿಲ್ಲ.

ಹೆತ್ತವರು ಅಲ್ಲಿರುವ ಬೇರೆ ಓದುಗರು, ಆಸ್ಪತ್ರೆ ಸೇರಿದ ದಿನವೇ ‘ಒಳರೋಗಿಯೋ, ಅಬ್ಸರ್ವೇಶನ್ನೋ’ ಎಂದು ಕೇಳಿ, ಪ್ರತಿದಿನವೂ ವಿಚಾರಿಸುತ್ತಿರಬೇಕು. ಅಬ್ಸರ್ವೇಶನ್ ಎಂದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರೊಂದಿಗೆ ಆಗಲೇ ಮಾತನಾಡಿ, ಮನೆಯ ವೈದ್ಯರಿಂದಲೂ ಅವರಿಗೆ ಫೋನ್ ಮಾಡಿಸಬೇಕು. ಬಿಡುಗಡೆಯಾದ ಮೇಲೆ ಸ್ಥಿತಿಯನ್ನು ಬದಲಾಯಿಸಿಕೊಳ್ಳುವುದು ಬಹಳ ಕಷ್ಟ.